ಬದನೆಕಾಯಿ ಮೇಲಿದ್ದ ಅಪವಾದ: ಊಟದ ಅಲರ್ಜಿಯ ಸುಳಿವನ್ನು ಮನೆಯಲ್ಲೇ ಹಿಡಿಯುವುದು ಹೇಗೆ?

ನನ್ನ ತಂಗಿಗೆ ಬದನೆಕಾಯಿ ಆಗಿ ಬರಲ್ಲ ಅಂತ ನಮ್ಮ ಮನೆಯಲ್ಲಿ ಹತ್ತು ವರ್ಷ ನಂಬಿದ್ದೆವು. ಎಣ್ಣೆಗಾಯಿ ತಿಂದ ಅರ್ಧ ಗಂಟೆಗೆ ಅವಳ ಕತ್ತು, ಹೊಟ್ಟೆ, ತೊಡೆ ಮೇಲೆಲ್ಲ ಗಂಧೆ ಏಳುತ್ತಿತ್ತು. ಅಮ್ಮ ದೊಡ್ಡಪತ್ರೆ ಸೊಪ್ಪು ಜಜ್ಜಿ ಹಚ್ಚುತ್ತಿದ್ದರು. ಅಜ್ಜಿ ಕಂಬಳಿ ತಂದು ಉಜ್ಜುತ್ತಿದ್ದರು. ಆಮೇಲೆ ಇಬ್ಬರೂ ಸೇರಿ "ಬದನೆಕಾಯಿ ನಂಜು ಕಣೇ, ತಿನ್ನಬೇಡ ಅಂದ್ರೆ ಕೇಳಲ್ಲ" ಅಂತ ಬೈಯುತ್ತಿದ್ದರು. ಒಂದು ಶನಿವಾರ ದೇವಸ್ಥಾನದ ಪುಳಿಯೋಗರೆ ತಿಂದಾಗಲೂ ಅದೇ ಗಂಧೆ ಬಂತು. ಪುಳಿಯೋಗರೆಯಲ್ಲಿ ಬದನೆಕಾಯಿ ಎಲ್ಲಿಂದ ಬರಬೇಕು?

ಉತ್ತರ ಸಿಕ್ಕಿದ್ದು ಅಡುಗೆಮನೆಯ ಫ್ರಿಜ್ ಮೇಲಿದ್ದ ಒಂದು ನೋಟ್‌ಬುಕ್ಕಿನಲ್ಲಿ. ಹೇಗೆ ಅಂತ ಮುಂದೆ ಹೇಳ್ತೀನಿ. ಅದಕ್ಕೆ ಮೊದಲು ಒಂದು ಮಾತು. ನಾನು ಡಾಕ್ಟರ್ ಅಲ್ಲ, ಮನೆಯಲ್ಲಿ ಕೂತು ಅಲರ್ಜಿ ಇದೆ ಅಂತ ಖಾತ್ರಿ ಮಾಡಿಕೊಳ್ಳೋಕೂ ಆಗಲ್ಲ. ಆದರೆ ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯಿತು, ಹಿಂದಿನ ಸಲ ಇದನ್ನೇ ತಿಂದಾಗ ಏನಾಗಿತ್ತು ಅನ್ನುವುದು ನಿಮ್ಮ ಮನೆಯಲ್ಲಿ ಮಾತ್ರ ಸಿಗುವ ಮಾಹಿತಿ. ಯಾವ ಲ್ಯಾಬಿನಲ್ಲೂ ಸಿಗಲ್ಲ. ಅದಿಲ್ಲದೆ ಡಾಕ್ಟರ್ ಹತ್ತಿರ ಹೋದರೆ ಅವರೂ ಕತ್ತಲಲ್ಲಿ ತಡಕಾಡಬೇಕಾಗುತ್ತೆ.

ಎಲ್ಲಕ್ಕಿಂತ ಮೊದಲು: ನೋಟ್‌ಬುಕ್ ಬಿಟ್ಟು ಓಡಬೇಕಾದ ಸಂದರ್ಭ

ತಿಂದ ಸ್ವಲ್ಪ ಹೊತ್ತಿಗೆ ಕೆಳಗಿನವುಗಳಲ್ಲಿ ಯಾವುದಾದರೂ ಕಂಡರೆ ಇದು ಗಮನಿಸುತ್ತಾ ಕೂರುವ ಹೊತ್ತಲ್ಲ. ಉಸಿರು ಕಟ್ಟುವುದು, ಎದೆಯಲ್ಲಿ ಸುಯ್ ಸುಯ್ ಸದ್ದು, ನಾಲಿಗೆ ಅಥವಾ ಗಂಟಲು ಊದಿಕೊಳ್ಳುವುದು, ದನಿ ಇದ್ದಕ್ಕಿದ್ದಂತೆ ಬದಲಾಗುವುದು, ಬಿಡದೆ ಕೆಮ್ಮು, ಕಣ್ಣು ಕತ್ತಲೆ ಬಂದು ಕುಸಿಯುವುದು. ಚಿಕ್ಕ ಮಗುವಾದರೆ ಬಿಳಿಚಿಕೊಂಡು ಜೋತು ಬೀಳುವುದು. ಮೈಮೇಲೆ ಗಂಧೆ ಎದ್ದು ಅದರ ಜೊತೆ ಮತ್ತೆ ಮತ್ತೆ ವಾಂತಿ ಆದರೂ ಇದೇ ಲೆಕ್ಕ. ಇದಕ್ಕೆ ಅನಾಫಿಲ್ಯಾಕ್ಸಿಸ್ ಅಂತಾರೆ. ಒಂದು ವಿಷಯ ನೆನಪಿರಲಿ, ಪ್ರತಿ ಸಲ ಗಂಧೆ ಏಳಲೇಬೇಕು ಅಂತಿಲ್ಲ. ಚರ್ಮ ಚೆನ್ನಾಗಿದ್ದು ಉಸಿರು ಮಾತ್ರ ಕಟ್ಟಬಹುದು.

108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ವಾಹನ ಬರುವ ತನಕ ಅಂಗಾತ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ. ಉಸಿರಾಡಲು ಕಷ್ಟ ಆಗುತ್ತಿದ್ದರೆ ಒರಗಿಸಿ ಕೂರಿಸಿ. ವಾಂತಿ ಮಾಡುತ್ತಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಮಗ್ಗುಲಿಗೆ ಮಲಗಿಸಿ. ಎಬ್ಬಿಸಿ ನಡೆಸಬೇಡಿ, ಎದ್ದು ನಿಂತಾಗ ರಕ್ತದ ಒತ್ತಡ ದಿಢೀರನೆ ಬೀಳಬಹುದು. ಇದಕ್ಕೆ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಡಾಕ್ಟರ್ ಮೊದಲೇ ಬರೆದುಕೊಟ್ಟು ಹೇಳಿಕೊಟ್ಟಿದ್ದರೆ ತಡ ಮಾಡದೆ ಕೊಡಿ. ಸೆಟಿರಿಜಿನ್ ಮಾತ್ರೆ ತುರಿಕೆ ಇಳಿಸುತ್ತೆ ಅಷ್ಟೇ, ಕಟ್ಟಿದ ಉಸಿರನ್ನು ಬಿಡಿಸಲ್ಲ. ಅದನ್ನು ನುಂಗಿಸಿ "ನೋಡೋಣ ತಾಳು" ಅಂತ ಕಾಯುವುದೇ ದೊಡ್ಡ ತಪ್ಪು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ಸರಿಹೋದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಯಾಕಂದ್ರೆ ಇಳಿದದ್ದು ಮತ್ತೆ ಬರುವುದುಂಟು.

ಒಮ್ಮೆ ಹೀಗಾಗಿದ್ದರೆ ಮುಂದಿನ ಹೆಜ್ಜೆಗಳಲ್ಲಿ ಬರುವ "ಬಿಟ್ಟು ತಿಂದು ನೋಡುವ" ಭಾಗ ನಿಮಗಲ್ಲ. ನೇರ ಡಾಕ್ಟರ್ ಹತ್ತಿರ ಹೋಗಿ.

ಹೆಜ್ಜೆ 1: ನಂಜು, ಉಷ್ಣ, ಅಲರ್ಜಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ

ನಮ್ಮಲ್ಲಿ ತಿಂದದ್ದು ಒಗ್ಗದಿದ್ದರೆ ಹೇಳುವ ಮಾತುಗಳು ಬೇಕಾದಷ್ಟಿವೆ. ನಂಜು, ಉಷ್ಣ, ಶೀತ, ವಾಯು, ಪಿತ್ತ. ಈಗ ಇವೆಲ್ಲದರ ಜಾಗಕ್ಕೂ ಅಲರ್ಜಿ ಅನ್ನುವ ಒಂದೇ ಪದ ಬಂದು ಕೂತಿದೆ. ನಿಜವಾದ ಅಲರ್ಜಿ ಅಂದರೆ ದೇಹದ ರಕ್ಷಣಾ ವ್ಯವಸ್ಥೆ ಊಟದಲ್ಲಿರುವ ಯಾವುದೋ ಪ್ರೋಟೀನನ್ನು ಶತ್ರು ಅಂದುಕೊಂಡು ಮೈಮೇಲೆ ಬೀಳುವುದು. ಬಾಕಿ ಬಹಳಷ್ಟು ಬೇರೆಯದೇ ಕಥೆ.

ಸುವರ್ಣಗಡ್ಡೆ, ಕೆಸುವಿನ ಎಲೆ ತಿಂದು ಗಂಟಲು ಕೆರೆಯಿತು ಅಂತಿಟ್ಟುಕೊಳ್ಳಿ. ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಅವು ಚುಚ್ಚುತ್ತವೆ. ಸರಿಯಾಗಿ ಬೇಯದಿದ್ದರೆ ಮನೆಮಂದಿಗೆಲ್ಲ ಕೆರೆಯುತ್ತೆ. ಪತ್ರೊಡೆಗೆ ಹುಣಸೆಹಣ್ಣು ಧಾರಾಳವಾಗಿ ಹಾಕುವುದು ಇದಕ್ಕೇ. ಮಾವಿನಕಾಯಿ ತಿಂದು ತುಟಿ ಸುತ್ತ ಸುಟ್ಟಂತಾದರೆ ಬಹುಶಃ ಸೊನೆಯ ಕೆಲಸ. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ, ಆದರೆ ಮೊಸರು ಮಜ್ಜಿಗೆಗೆ ಏನೂ ಇಲ್ಲ ಅಂದರೆ ಅದು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗದಿರುವುದು. ದೊಡ್ಡವರಾದ ಮೇಲೆ ನಮ್ಮ ಕಡೆ ಇದು ತುಂಬಾ ಸಾಮಾನ್ಯ. ಹಾಲಿನ ಅಲರ್ಜಿ ಇದ್ದವರಿಗೆ ಮೊಸರು, ಪನೀರೂ ಆಗದಿರಬಹುದು, ಒಂದು ಚಮಚ ಸಾಕು ಗಂಧೆ ಏಳಲು.

ಕರಾವಳಿಯವರಿಗೆ ಇನ್ನೊಂದು. ಬಂಗುಡೆ ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈ ಬಿಸಿಯಾಗಿ ದದ್ದು ಬಂತು. ಥೇಟ್ ಅಲರ್ಜಿ. ಆದರೆ ಅದೇ ಪಾತ್ರೆಯ ಮೀನು ತಿಂದ ಇನ್ನಿಬ್ಬರಿಗೂ ಹಾಗೇ ಆಗಿದ್ದರೆ ಮೀನಿನ ಮೇಲೆ ಐಸ್ ಸಾಲಲಿಲ್ಲ ಅಂತ ಅರ್ಥ. ಬಂಗುಡೆ, ಬೂತಾಯಿಯಂಥ ಮೀನುಗಳು ತಂಪಿಲ್ಲದೆ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮಿನ್, ಅಂದರೆ ಅಲರ್ಜಿಯಾದಾಗ ನಮ್ಮ ದೇಹವೇ ಬಿಡುವ ತುರಿಕೆ-ದದ್ದು ತರುವ ರಾಸಾಯನಿಕ, ಹೆಚ್ಚಾಗುತ್ತೆ, ಎಷ್ಟು ಕುದಿಸಿದರೂ ಅದು ಹೋಗಲ್ಲ. ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಇದೇ ಇರಲಿ: ಒಬ್ಬರಿಗೇ ಆಯಿತಾ, ತಿಂದವರಿಗೆಲ್ಲ ಆಯಿತಾ?

ಇನ್ನು ಬದನೆಕಾಯಿ. ಅಜ್ಜಿಯಂದಿರ ನಂಜಿನ ಪಟ್ಟಿಯಲ್ಲಿ ಇದಕ್ಕೆ ಮೊದಲ ಜಾಗ, ಪಾಪ. ಮೈಸೂರಿನಲ್ಲಿ 741 ಜನರನ್ನು ಪರೀಕ್ಷಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬದನೆಕಾಯಿ ತಿಂದರೆ ತುರಿಕೆಯೋ ಇನ್ನೊಂದೋ ಆಗುತ್ತೆ ಅಂದವರು ಶೇಕಡಾ 9.2. ಅದರಲ್ಲಿ ನಿಜವಾದ ಅಲರ್ಜಿ ಅಂತ ತೇಲಿದ್ದು ಒಟ್ಟು ಜನರಲ್ಲಿ ಶೇಕಡಾ 0.8ರಷ್ಟು ಮಾತ್ರ. ಬದನೆಕಾಯಿಯಲ್ಲೇ ಒಂದಿಷ್ಟು ಹಿಸ್ಟಮಿನ್ ಇರುತ್ತೆ, ಬಾಯಿ ಕೆರೆಯಲು ಅಷ್ಟು ಸಾಕು. ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಹೆಜ್ಜೆ 2: ಗಡಿಯಾರ ನೋಡಿ

ಗಂಧೆ, ತುಟಿ ಊತ, ವಾಂತಿ, ಉಬ್ಬಸ ತರುವ ಅಲರ್ಜಿ ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ತೋರಿಸಿಕೊಳ್ಳುತ್ತೆ. ಮತ್ತೆ ಅದೇ ಪದಾರ್ಥ ತಿಂದಾಗಲೆಲ್ಲ ಹೆಚ್ಚುಕಡಿಮೆ ಹಾಗೇ ಆಗುತ್ತೆ. ಸಮಯ ಮತ್ತು ಮರುಕಳಿಕೆ, ಈ ಎರಡನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿನ್ನೆ ಮಧ್ಯಾಹ್ನ ಸಿಗಡಿ ತಿಂದು ಇವತ್ತು ಸಂಜೆ ಗಂಧೆ ಬಂದರೆ ಸಿಗಡಿಯನ್ನು ಬಿಟ್ಟುಬಿಡಿ, ಪಾಪ ಅದರದ್ದಲ್ಲ. ಹೋದ ತಿಂಗಳು ಎರಡು ಸಲ ಗೋಡಂಬಿ ತಿಂದು ಏನೂ ಆಗಿಲ್ಲ, ಈ ಸಲ ಮಾತ್ರ ಆಯಿತು ಅಂದರೆ ಗೋಡಂಬಿಯ ಜೊತೆ ಇನ್ನೇನಿತ್ತು ಅಂತ ಹುಡುಕಿ.

ನಿಧಾನವಾಗಿ ಕಾಣಿಸಿಕೊಳ್ಳುವ ಬಗೆಯೂ ಇದೆ. ಹೊಟ್ಟೆ ಸಂಬಂಧಿ ತೊಂದರೆ, ಇಸುಬು ಜಾಸ್ತಿಯಾಗುವುದು ಹಲವು ಗಂಟೆ ಅಥವಾ ಒಂದೆರಡು ದಿನ ಬಿಟ್ಟು ಬರಬಹುದು. ಇವನ್ನು ಹಿಡಿಯುವುದು ಕಷ್ಟ. ಅದಕ್ಕೆ ನೋಟ್‌ಬುಕ್ಕೇ ಗತಿ.

ಊಟಕ್ಕೆ ಸಂಬಂಧವೇ ಇಲ್ಲದ ಗಂಧೆಯೂ ಬೇಕಾದಷ್ಟಿದೆ. ಮಕ್ಕಳಿಗೆ ಜ್ವರ ನೆಗಡಿ ಬಂದಾಗ ವೈರಸ್‌ನಿಂದಲೇ ಗಂಧೆ ಏಳುತ್ತೆ, ನಾವು ಅವತ್ತು ಕೊಟ್ಟ ಬಾಳೆಹಣ್ಣನ್ನು ಬೈಯುತ್ತೇವೆ. ನೋವಿನ ಮಾತ್ರೆ, ಆಂಟಿಬಯೋಟಿಕ್‌ನಿಂದಲೂ ಬರುತ್ತೆ. ದಿನವೂ, ಆರು ವಾರಕ್ಕಿಂತ ಜಾಸ್ತಿ ಗಂಧೆ ಬರುತ್ತಲೇ ಇದ್ದರೆ ಅದಕ್ಕೆ ಊಟ ಕಾರಣ ಆಗಿರುವುದು ಅಪರೂಪ. ಅಂಥವರು ಒಂದೊಂದೇ ಪದಾರ್ಥ ಬಿಡುತ್ತಾ ಕೊನೆಗೆ ಗಂಜಿಗೆ ಬಂದು ನಿಲ್ಲುವುದನ್ನು ನೋಡಿದ್ದೇನೆ, ಗಂಧೆ ಮಾತ್ರ ಹಾಗೇ ಇರುತ್ತೆ.

ಹೆಜ್ಜೆ 3: ನೋಟ್‌ಬುಕ್

ಮೊಬೈಲ್ ಆಪ್ ಬೇಕಾದರೆ ಇಟ್ಟುಕೊಳ್ಳಿ. ನನ್ನ ಪ್ರಕಾರ ಅಡುಗೆಮನೆಯಲ್ಲಿ ದಾರ ಕಟ್ಟಿದ ಪೆನ್ನಿರುವ ನೋಟ್‌ಬುಕ್ಕೇ ವಾಸಿ, ಯಾಕಂದ್ರೆ ಅಡುಗೆ ಮಾಡಿದವರೂ ತಿಂದವರೂ ಇಬ್ಬರೂ ಬರೆಯಬಹುದು. ನಮ್ಮ ಪುಸ್ತಕದ ಒಂದು ಪುಟ ಹೀಗಿತ್ತು:

"ಭಾನುವಾರ ಮಧ್ಯಾಹ್ನ 1:15. ಎಣ್ಣೆಗಾಯಿ ಎರಡು, ಜೋಳದ ರೊಟ್ಟಿ ಒಂದು, ಮಜ್ಜಿಗೆ. ಮಸಾಲೆಗೆ ಕಡಲೆಬೀಜ, ಎಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಖಾರದಪುಡಿ. 1:35ಕ್ಕೆ ತುಟಿ ತುರಿಕೆ. 1:50ಕ್ಕೆ ಕತ್ತು, ಹೊಟ್ಟೆ ಮೇಲೆ ಗಂಧೆ, ಫೋಟೋ ಇದೆ. ಉಸಿರಿಗೆ ತೊಂದರೆ ಇಲ್ಲ. 2ಕ್ಕೆ ಮಾತ್ರೆ. 5 ಗಂಟೆಗೆ ಎಲ್ಲ ಮಾಯ. ಬೆಳಗ್ಗೆ ಮೈಕೈ ನೋವಿನ ಮಾತ್ರೆ ತಗೊಂಡಿಲ್ಲ."

ಇಷ್ಟು ಸಾಕು. ಸಮಯ, ಪ್ರಮಾಣ, ಹಸಿಯೋ ಬೆಂದದ್ದೋ, ಏನಾಯಿತು, ಎಷ್ಟು ಹೊತ್ತಿತ್ತು, ಏನು ಮಾತ್ರೆ ಕೊಟ್ಟಿರಿ. ಫೋಟೋ ತೆಗೆಯುವುದನ್ನು ಮರೆಯಬೇಡಿ, ನೀವು ಡಾಕ್ಟರ್ ಕುರ್ಚಿ ಮುಂದೆ ಕೂರುವ ಹೊತ್ತಿಗೆ ಗಂಧೆ ಯಾವತ್ತೂ ಇರಲ್ಲ. ಪ್ಯಾಕೆಟ್ ತಿಂಡಿಯಾದರೆ ಹಿಂಬದಿಯ ಪದಾರ್ಥಗಳ ಪಟ್ಟಿಯ ಫೋಟೋವನ್ನೂ ಹಿಡಿದಿಡಿ.

ಎಲ್ಲರೂ ಮಾಡುವ ತಪ್ಪು ಅಂದರೆ ತೊಂದರೆ ಆದ ದಿನ ಮಾತ್ರ ಬರೆಯುವುದು. ಏನೂ ಆಗದ ದಿನಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಯಾವ್ಯಾವುದನ್ನು ತಿಂದಾಗ ಸುಖವಾಗಿದ್ದಿರಿ ಅಂತ ಗೊತ್ತಾದರೆ ಅಷ್ಟು ಪದಾರ್ಥಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಹೆಜ್ಜೆ 4: ಅಡುಗೆಯ ಹೆಸರನ್ನು ಮರೆತು ಒಳಗಿರುವುದನ್ನು ಬಿಚ್ಚಿ

ನಾವು ಎಡವಿದ್ದು ಇಲ್ಲೇ. ಎಣ್ಣೆಗಾಯಿ ಅಂದ ತಕ್ಷಣ ಕಣ್ಣಿಗೆ ಬೀಳುವುದು ಬದನೆಕಾಯಿ. ಒಳಗೆ ತುಂಬಿದ ಮಸಾಲೆಗೆ ಹೆಸರೇ ಇಲ್ಲ. ನಮ್ಮ ಅಡುಗೆಯ ಹೆಸರುಗಳೆಲ್ಲ ಹೀಗೇ, ತರಕಾರಿಯ ಹೆಸರು ಹೇಳುತ್ತವೆ, ಪುಡಿಯ ಹೆಸರು ಹೇಳಲ್ಲ.

ನಮ್ಮ ಪುಸ್ತಕವನ್ನು ಬಿಚ್ಚಿದ್ದು ಹೀಗೆ. ಎಣ್ಣೆಗಾಯಿಗೂ ಪುಳಿಯೋಗರೆಗೂ ಎರಡರಲ್ಲೂ ಇರುವುದೇನು ಅಂತ ಪಕ್ಕಪಕ್ಕ ಬರೆದೆವು. ಕಡಲೆಬೀಜ, ಎಳ್ಳು, ಕೊಬ್ಬರಿ, ಹುಣಸೆ, ಬೆಲ್ಲ, ಮೆಣಸಿನಕಾಯಿ. ಹುಣಸೆ ದಿನಾ ಸಾರಿಗೆ ಬೀಳುತ್ತೆ, ಏನೂ ಆಗಿಲ್ಲ, ಹೊಡೆದು ಹಾಕು. ಬೆಲ್ಲ, ಮೆಣಸಿನಕಾಯಿ ಹಾಗೇ. ಕೊಬ್ಬರಿ ಮಿಠಾಯಿ ಹಬ್ಬಕ್ಕೆ ನಾಲ್ಕು ತಿಂದಿದ್ದಳು, ಸುಖವಾಗಿದ್ದಳು, ಅದೂ ಹೋಯಿತು. ಕಡಲೆಬೀಜದ ಮೇಲೆ ನನಗೆ ಬಲವಾದ ಅನುಮಾನ ಇತ್ತು. ಆದರೆ ಚಿತ್ರಾನ್ನದಲ್ಲಿರುವ ಕಡಲೆಬೀಜವನ್ನು ಅವಳು ಆರಿಸಿ ಆರಿಸಿ ತಿನ್ನುತ್ತಾಳೆ, ಒಂದು ದಿನವೂ ತುರಿಕೆ ಇಲ್ಲ. ಉಳಿದದ್ದು ಎಳ್ಳು. ಆಗ ಅಮ್ಮನಿಗೆ ನೆನಪಾಯಿತು, ಯಾವುದೋ ಸಂಕ್ರಾಂತಿಗೆ ಎಳ್ಳು-ಬೆಲ್ಲ ತಿಂದ ಮೇಲೂ ಮೈಯೆಲ್ಲ ಕೆಂಪಾಗಿತ್ತು, "ಬಿಸಿಲಿಗೆ ಆಗಿರಬೇಕು" ಅಂದುಕೊಂಡಿದ್ದರು. ತಂಗಿಯೂ ಬಾಯಿ ಬಿಟ್ಟಳು. ಗೆಳತಿ ಮನೆಯಲ್ಲಿ ಗೊತ್ತಿಲ್ಲದೆ ಸುಟ್ಟ ಬದನೆಕಾಯಿ ಗೊಜ್ಜು ತಿಂದು ಏನೂ ಆಗಿರಲಿಲ್ಲವಂತೆ, ಬೈಸಿಕೊಳ್ಳಬೇಕಾಗುತ್ತೆ ಅಂತ ಹೇಳಿರಲಿಲ್ಲ.

ಎಳ್ಳು ತಿನ್ನಿಸಿ ಪರೀಕ್ಷೆ ಮಾಡಲಿಲ್ಲ. ಮಾಡಲೂಬಾರದು. ಹಿಂದಿನ ಸಲ ಬರೀ ಗಂಧೆ ಬಂದಿತ್ತು ಅಂದ ಮಾತ್ರಕ್ಕೆ ಮುಂದಿನ ಸಲವೂ ಗಂಧೆಗೇ ನಿಲ್ಲುತ್ತೆ ಅನ್ನುವ ಭರವಸೆ ಇಲ್ಲ. ಪುಸ್ತಕ ತಗೊಂಡು ಅಲರ್ಜಿ ಡಾಕ್ಟರ್ ಹತ್ತಿರ ಹೋದೆವು. ಕೈಮೇಲೆ ಎಳ್ಳಿನ ಸಾರದ ಒಂದು ಹನಿ ಇಟ್ಟು ಸೂಜಿಯಲ್ಲಿ ಮೆಲ್ಲಗೆ ಗೀರಿದರು. ಹದಿನೈದು ನಿಮಿಷಕ್ಕೆ ಸೊಳ್ಳೆ ಕಚ್ಚಿದಂಥ ಗುಳ್ಳೆ ಎದ್ದಿತು.

ನಿಮ್ಮ ಮನೆಯಲ್ಲಿ ಬಿಚ್ಚುವಾಗ ಕೆಲವು ಕಡೆ ಜೋಪಾನ. ಬಿಳಿ ಚಟ್ನಿ ನೋಡಲು ಒಂದೇ ಥರ, ಆದರೆ ಒಂದು ಹೋಟೆಲಲ್ಲಿ ಕಾಯಿಯ ಜೊತೆ ಹುರಿಗಡಲೆ, ಇನ್ನೊಂದರಲ್ಲಿ ಕಡಲೆಬೀಜ. "ಕಡಲೆ" ಅನ್ನುವ ಪದವೇ ಮೋಸ ಮಾಡುತ್ತೆ. ಹುರಿಗಡಲೆ, ಕಡಲೆಬೇಳೆ, ಕಡಲೆಹಿಟ್ಟು ಒಂದು ಗಿಡದ್ದು, ಕಡಲೆಕಾಯಿ, ಅಂದರೆ ಶೇಂಗಾ, ಬೇರೆ ಗಿಡದ್ದು. ಡಾಕ್ಟರಿಗೆ ಸುಮ್ನೆ "ಕಡಲೆ ತಿಂದೆ" ಅಂದರೆ ತನಿಖೆ ಅಲ್ಲಿಗೇ ಹಳ್ಳ ಹಿಡಿಯುತ್ತೆ. ಎಳ್ಳು-ಬೆಲ್ಲದಲ್ಲಿ ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಎಲ್ಲ ಒಂದೇ ಹಿಡಿಯಲ್ಲಿ ಬಾಯಿಗೆ ಹೋಗುತ್ತವೆ. ಉತ್ತರ ಕರ್ನಾಟಕದ ಊಟವಾದರೆ ಶೇಂಗಾ ಚಟ್ನಿ, ಗುರೆಳ್ಳು, ಅಗಸಿ, ಸಜ್ಜೆ ರೊಟ್ಟಿ ಮೇಲಿನ ಎಳ್ಳು, ಎಲ್ಲವನ್ನೂ ಬೇರೆ ಬೇರೆ ಬರೆಯಿರಿ. ರವೆ ಗೋಧಿಯದೇ ಅನ್ನುವುದು ಎಷ್ಟೋ ಜನಕ್ಕೆ ಹೊಳೆಯಲ್ಲ, ಚಪಾತಿ ಬಿಟ್ಟೆ ಅಂತ ಹೇಳಿ ಬೆಳಗ್ಗೆ ಉಪ್ಪಿಟ್ಟು ತಿಂದಿರುತ್ತಾರೆ. ಡಬ್ಬಿಯಲ್ಲಿ ಬರುವ ಹಿಂಗಿನಲ್ಲೂ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾನೋ ಬೆರೆತಿರುತ್ತೆ. ಎಣ್ಣೆಯಲ್ಲೂ ವ್ಯತ್ಯಾಸ ಇದೆ. ರಿಫೈನ್ಡ್ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಬಹುಪಾಲು ಹೋಗಿರುತ್ತೆ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತೆ. ಈಚೆಗೆ ಗಾಣದ ಎಣ್ಣೆಗೆ ಬದಲಾದ ಮೇಲೆ ತೊಂದರೆ ಶುರುವಾಗಿದ್ದರೆ ಅದನ್ನೂ ಬರೆದಿಡಿ. ಇನ್ನು ಬೋಂಡಾ ಕರಿದ ಬಾಣಲೆಯಲ್ಲೇ ಸಿಗಡಿ ಕರಿದರಾ, ಗೋಡಂಬಿ ಬರ್ಫಿ ಕತ್ತರಿಸಿದ ಚಾಕುವಿನಲ್ಲೇ ಮೈಸೂರುಪಾಕು ಕತ್ತರಿಸಿದರಾ ಅಂತ ಕೇಳೋದಕ್ಕೆ ನಾಚಿಕೆ ಪಡಬೇಡಿ.

ಹೆಜ್ಜೆ 5: ಜೊತೆಗಾರರನ್ನು ಹುಡುಕಿ

ಕೆಲವರಿಗೆ ಪದಾರ್ಥ ಒಂದೇ ಏನೂ ಮಾಡಲ್ಲ, ಜೊತೆಗೆ ಇನ್ನೊಂದು ಸೇರಬೇಕು. ಚಪಾತಿ ತಿಂದು ಟಿವಿ ಮುಂದೆ ಕೂತರೆ ಏನೂ ಇಲ್ಲ, ಚಪಾತಿ ತಿಂದು ಅರ್ಧ ಗಂಟೆಗೆ ಷಟಲ್ ಆಡಲು ಹೋದರೆ ಮೈಯೆಲ್ಲ ಗಂಧೆ ಎದ್ದು ಕುಸಿದು ಬೀಳುತ್ತಾರೆ. ಇದು ಗೋಧಿ ಅಲರ್ಜಿಯ ಗೊತ್ತಿರುವ ಒಂದು ಬಗೆ. ವ್ಯಾಯಾಮದ ಜಾಗದಲ್ಲಿ ನೋವಿನ ಮಾತ್ರೆ, ಮದ್ಯ, ಜ್ವರ, ನಿದ್ದೆಗೆಟ್ಟಿರುವುದು, ಮುಟ್ಟಿನ ದಿನಗಳು ಕೂಡ ಇರಬಹುದು. "ಒಂದೊಂದು ಸಲ ಆಗುತ್ತೆ, ಒಂದೊಂದು ಸಲ ಆಗಲ್ಲ" ಅನ್ನುವವರು ತಿಂದ ಮೇಲೆ ಏನು ಮಾಡಿದೆ ಅಂತ ಒಂದು ಸಾಲು ಬರೆಯಲಿ.

ಹಸಿ ಸೇಬು ಕಚ್ಚಿದರೆ ಬಾಯಿ ತುರಿಕೆ, ಬೇಯಿಸಿದರೆ ಇಲ್ಲ ಅಂದರೆ ಪರಾಗದ ಅಲರ್ಜಿಯ ನೆಂಟಸ್ತಿಕೆ ಇರಬಹುದು. ರಬ್ಬರ್ ಗ್ಲೌಸ್ ಹಾಕಿದರೆ ಕೈ ತುರಿಸುವವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು ತೊಂದರೆ ಕೊಡಬಹುದು. ಸಿಗಡಿಯಲ್ಲಿರುವ ಒಂದು ಪ್ರೋಟೀನು ಧೂಳಿನ ಹುಳ, ಜಿರಳೆಯಲ್ಲಿರುವುದಕ್ಕೆ ತುಂಬಾ ಹತ್ತಿರದ್ದು. ಇಂಥವನ್ನು ನೀವೇ ಬಿಡಿಸಬೇಕಿಲ್ಲ, ಬರೆದಿಟ್ಟರೆ ಸಾಕು.

ಹೆಜ್ಜೆ 6: ಪ್ಯಾಕೆಟ್ ತಿರುಗಿಸಿ ಓದಿ

ನಮ್ಮ ದೇಶದಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಮತ್ತೆ ಒಂದು ಮಿತಿಗಿಂತ ಹೆಚ್ಚಿನ ಸಲ್ಫೈಟ್ ಇದ್ದರೆ ಅಲರ್ಜಿ ಮಾಹಿತಿ ಅಂತ ಬೇರೆಯಾಗಿ ಮುದ್ರಿಸಬೇಕು. ಆ ಪಟ್ಟಿಯಲ್ಲಿ ಎಳ್ಳಿಲ್ಲ, ಸಾಸಿವೆ ಇಲ್ಲ, ಕಡಲೆಹಿಟ್ಟೂ ಇಲ್ಲ. ತಂಗಿಗೆ ಎಳ್ಳು ಅಂತ ಗೊತ್ತಾದ ಮೇಲೆ ನಾವು ದಪ್ಪ ಅಕ್ಷರದ ಸಾಲನ್ನು ಮಾತ್ರ ಓದಿ ಬುಟ್ಟಿಗೆ ಹಾಕುವುದನ್ನು ಬಿಟ್ಟೆವು, ಸಣ್ಣ ಅಕ್ಷರದ ಪೂರ್ತಿ ಪಟ್ಟಿ ಓದಬೇಕು. ಅದರಲ್ಲೂ "ಮಸಾಲೆ ಪದಾರ್ಥಗಳು" ಅಂತ ಒಂದೇ ಮಾತಲ್ಲಿ ಮುಗಿಸಿದ್ದರೆ ಒಳಗೇನಿದೆ ಅಂತ ದೇವರೇ ಬಲ್ಲ. ಅಮೆರಿಕದಲ್ಲಿರುವ ನಮ್ಮವರಿಗೆ ಈ ವಿಷಯದಲ್ಲಿ ಅನುಕೂಲ, ಅಲ್ಲಿ 2023ರ ಜನವರಿ 1ರಿಂದ ಎಳ್ಳನ್ನು ಹೆಸರಿಸುವುದು ಕಡ್ಡಾಯ. ಆದರೆ ಊರಿಂದ ತರಿಸಿಕೊಂಡ ಚಟ್ನಿಪುಡಿ ಡಬ್ಬಿಗೆ ಯಾವ ಲೇಬಲ್ಲೂ ಇರಲ್ಲ, ಮಾಡಿದವರನ್ನೇ ಕೇಳಬೇಕು. ಕೇಸಿನ್, ವೇ, ಮಿಲ್ಕ್ ಸಾಲಿಡ್ಸ್ ಅಂದರೆಲ್ಲ ಹಾಲೇ.

ಹೆಜ್ಜೆ 7: ಬಿಟ್ಟು ನೋಡುವುದು, ಮತ್ತೆ ತಿಂದು ನೋಡುವುದು

ಇದು ಯಾರಿಗೆ ಅನ್ನುವುದು ಹೇಗೆ ಅನ್ನುವುದಕ್ಕಿಂತ ಮುಖ್ಯ. ತಿಂದ ಎರಡು ಗಂಟೆಯೊಳಗೆ ಗಂಧೆ, ಊತ, ವಾಂತಿ, ಉಬ್ಬಸ ಬಂದವರಿಗೆ, ಆಸ್ತಮಾ ಇರುವವರಿಗೆ, ಗರ್ಭಿಣಿಯರಿಗೆ ಮತ್ತೆ ಮಕ್ಕಳಿಗೆ ಇದು ಮನೆಯಲ್ಲಿ ನೀವೇ ಮಾಡುವ ಕೆಲಸ ಅಲ್ಲ. ದೊಡ್ಡವರಿಗೆ, ಹೊಟ್ಟೆ ಉಬ್ಬರ, ಭೇದಿಯಂಥ ನಿಧಾನದ, ಸಣ್ಣಪುಟ್ಟ ತೊಂದರೆಗೆ ಮಾತ್ರ.

ನೋಟ್‌ಬುಕ್ಕಿನಲ್ಲಿ ಮೇಲೆ ಬಂದ ಒಂದೇ ಒಂದು ಪದಾರ್ಥ ಆರಿಸಿ. ಹಾಲು ಅಂತಿಟ್ಟುಕೊಳ್ಳೋಣ. ಎರಡು ವಾರ ಪೂರ್ತಿ ಬಿಡಿ. ಪೂರ್ತಿ ಅಂದರೆ ಕಾಫಿಗೆ ಹಾಕುವ ಎರಡು ಚಮಚವೂ ಸೇರಿ, ಫಿಲ್ಟರ್ ಕಾಫಿ ಮನೆಯವರಿಗೆ ಇದು ಸುಲಭದ ಮಾತಲ್ಲ ಅಂತ ಗೊತ್ತು. ಬೇರೇನನ್ನೂ ಬದಲಾಯಿಸಬೇಡಿ. ಹಾಲು ಬಿಟ್ಟ ದಿನವೇ ಯೋಗ ಶುರು ಮಾಡಿ, ಹೊಸ ಮಾತ್ರೆ ನುಂಗಿ, ಹೋಟೆಲ್ ಊಟ ನಿಲ್ಲಿಸಿದರೆ ಯಾವುದರಿಂದ ವಾಸಿಯಾಯಿತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಎರಡು ವಾರಕ್ಕೂ ಏನೂ ಬದಲಾಗದಿದ್ದರೆ ಬಹುಶಃ ಹಾಲಿನ ತಪ್ಪಿಲ್ಲ, ಮತ್ತೆ ಕುಡಿಯಿರಿ. ಕಡಿಮೆಯಾಯಿತು ಅಂದರೆ ಕೆಲಸ ಅರ್ಧ ಮಾತ್ರ ಮುಗಿದಿದೆ. ಮೈ ಚೆನ್ನಾಗಿರುವ ಒಂದು ದಿನ ಬೆಳಗ್ಗೆ ಸ್ವಲ್ಪ ಹಾಲು ಕುಡಿದು ನೋಡಿ, ಮಾರನೇ ದಿನ ಅರ್ಧ ಲೋಟ, ಆಮೇಲೆ ಒಂದು ಲೋಟ. ಮೂರು ದಿನ ಗಮನಿಸಿ. ತೊಂದರೆ ವಾಪಸ್ ಬಂದರೆ ಸುಳಿವು ಸಿಕ್ಕಂತೆ. ಈ ಎರಡನೇ ಭಾಗವನ್ನು ಬಹಳ ಜನ ಮಾಡುವುದೇ ಇಲ್ಲ, "ಬಿಟ್ಟೆ, ಸರಿಹೋಯ್ತು" ಅಂತ ಜೀವಮಾನವಿಡೀ ಬಿಟ್ಟುಬಿಡುತ್ತಾರೆ.

ಗೋಧಿಯ ವಿಷಯದಲ್ಲಿ ಮಾತ್ರ ಮೊದಲೇ ಬಿಡಬೇಡಿ. ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಅನ್ನುವ ಕಾಯಿಲೆ ಇದೆಯಾ ಅಂತ ರಕ್ತ ಪರೀಕ್ಷೆಯಲ್ಲಿ ನೋಡಬೇಕಾದರೆ ಗೋಧಿ ತಿನ್ನುತ್ತಿರಬೇಕು. ಬಿಟ್ಟು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು.

ಮನೆಯಲ್ಲಿ ಕೂಸಿದ್ದರೆ

ಆರು ತಿಂಗಳಿಗೆ ಅನ್ನಪ್ರಾಶನ ಮುಗಿಸಿ ರಾಗಿ ಸರಿ ಶುರು ಮಾಡುತ್ತೇವಲ್ಲ, ಆ ಪುಡಿಗೆ ಹನ್ನೆರಡು ಧಾನ್ಯ, ಬಾದಾಮಿ, ಗೋಡಂಬಿ ಎಲ್ಲ ಒಟ್ಟಿಗೆ ಹುರಿದು ಬೀಸುವ ಅಭ್ಯಾಸ ಇದೆ. ಮಗುವಿಗೆ ಏನಾದರೂ ಆದರೆ ಹನ್ನೆರಡರಲ್ಲಿ ಯಾವುದು? ಬರೀ ರಾಗಿಯಿಂದ ಶುರು ಮಾಡಿ, ಒಂದೊಂದೇ ಸೇರಿಸಿ, ಮಧ್ಯೆ ಎರಡು ಮೂರು ದಿನ ಬಿಡಿ. ಹೊಸದನ್ನು ಬೆಳಗ್ಗೆ ಕೊಡಿ, ರಾತ್ರಿ ಮಲಗುವ ಮುಂಚೆ ಬೇಡ. ಟೊಮ್ಯಾಟೊ, ನಿಂಬೆ, ಕಿತ್ತಳೆ ತಗುಲಿ ಬಾಯಿ ಸುತ್ತ ಕೆಂಪಾಗಿ ಒರೆಸಿದ ಸ್ವಲ್ಪ ಹೊತ್ತಿಗೆ ಹೋದರೆ ಅದು ಹುಳಿಯ ಉರಿ ಇರಬಹುದು.

ಹೆದರಿಕೊಂಡು ಕಡಲೆಬೀಜ, ಮೊಟ್ಟೆಯನ್ನು ಮೂರು ವರ್ಷ ಮುಂದೂಡುವ ಕಾಲ ಹೋಯಿತು. ಇಂಗ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ ಅಪಾಯ ಜಾಸ್ತಿ ಇದ್ದ 4ರಿಂದ 11 ತಿಂಗಳ ಕೂಸುಗಳಿಗೆ ಕಡಲೆಬೀಜ ಕೊಡುತ್ತಾ ಬಂದಾಗ ಐದು ವರ್ಷಕ್ಕೆ ಅಲರ್ಜಿ ಬಂದವರು ಬಹಳ ಕಡಿಮೆ. ತುಂಬಾ ಇಸುಬಿರುವ ಮಗುವಾದರೆ ಕೊಡುವ ಮುಂಚೆ ಮಕ್ಕಳ ಡಾಕ್ಟರನ್ನು ಕೇಳಿ. ಇಡೀ ಬೀಜ ಯಾವ ಚಿಕ್ಕ ಮಗುವಿಗೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ, ನುಣ್ಣಗೆ ಅರೆದು ಕೊಡಿ.

ಹೊಸದೇನೋ ತಿಂದ ಒಂದರಿಂದ ನಾಲ್ಕು ಗಂಟೆಗೆ ಕೂಸು ಬಿಡದೆ ವಾಂತಿ ಮಾಡಿ ಸುಸ್ತಾಗಿ ಬಿದ್ದರೆ, ಗಂಧೆ ಇಲ್ಲದಿದ್ದರೂ, ಅದು ಅಲರ್ಜಿಯ ಇನ್ನೊಂದು ಬಗೆ ಆಗಿರಬಹುದು. ಅನ್ನದಿಂದಲೂ ಹೀಗಾಗುವುದಿದೆ. ಕೂಡಲೇ ತೋರಿಸಿ. ಮೊಲೆಹಾಲಷ್ಟೇ ಕುಡಿಯುವ ಮಗುವಿನ ಮಲದಲ್ಲಿ ರಕ್ತದ ಎಳೆ ಕಂಡರೂ ಹಾಗೇ. ಬಾಣಂತಿಯ ಊಟದಿಂದ ಹಾಲು ತೆಗೆಯಬೇಕಾ ಅಂತ ಡಾಕ್ಟರ್ ಹೇಳಲಿ. ಮೊದಲೇ ಪಥ್ಯದ ಹೆಸರಲ್ಲಿ ಅರ್ಧ ತರಕಾರಿ ಬಿಡಿಸಿರುತ್ತೇವೆ, ಅದರ ಮೇಲೆ ಇನ್ನಷ್ಟು ಬಿಡಿಸುವ ಕೆಲಸ ಅತ್ತೆ-ಅಮ್ಮಂದಿರದ್ದಾಗದಿರಲಿ.

ಹೆಜ್ಜೆ 8: ಪರೀಕ್ಷೆ ಮಾಡಿಸುವ ಮುಂಚೆ

"ನೂರು ಪದಾರ್ಥಗಳ ಅಲರ್ಜಿ ಪ್ಯಾಕೇಜ್" ಅಂತ ಜಾಹೀರಾತು ನೋಡಿರುತ್ತೀರಿ. ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾರೆ. ನನ್ನ ಸಲಹೆ ಕೇಳಿದರೆ ಆ ದುಡ್ಡಿಗೆ ಹಣ್ಣು ತರಕಾರಿ ತನ್ನಿ. ಬೆಂಗಳೂರು ಮತ್ತು ಮೈಸೂರಿನ ದೊಡ್ಡವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಒಂದಿದೆ. ರಕ್ತದಲ್ಲಿ ಯಾವುದಾದರೂ ಒಂದು ಪದಾರ್ಥದ ವಿರುದ್ಧ ಐಜಿಇ (IgE), ಅಂದರೆ ಅಲರ್ಜಿ ತರುವ ಬಗೆಯ ಪ್ರತಿಕಾಯ, ಕಂಡದ್ದು ಶೇಕಡಾ 26.5 ಜನರಲ್ಲಿ. ತಿಂದರೆ ತೊಂದರೆಯೂ ಆಗುತ್ತೆ, ರಕ್ತವೂ ಹೌದು ಅನ್ನುತ್ತೆ ಅನ್ನುವವರು ಶೇಕಡಾ 1.2. ಅಂದರೆ ನಾಲ್ಕರಲ್ಲಿ ಒಬ್ಬರ ರಿಪೋರ್ಟಿನಲ್ಲಿ ಏನೋ ಒಂದು ಕೆಂಪು ಗುರುತು ಬರುತ್ತೆ, ಅವರಲ್ಲಿ ಹೆಚ್ಚಿನವರು ಅದನ್ನೇ ದಿನಾ ತಿಂದು ಆರಾಮಾಗಿರುತ್ತಾರೆ. ಸುಖವಾಗಿ ತಿನ್ನುತ್ತಿದ್ದ ತೊಗರಿಬೇಳೆಯನ್ನು ರಿಪೋರ್ಟ್ ನೋಡಿ ಬಿಟ್ಟವರು ನಮ್ಮ ನೆಂಟರಲ್ಲೇ ಇದ್ದಾರೆ. ಪರೀಕ್ಷೆ ನಿಮ್ಮ ಅನುಮಾನದ ಪದಾರ್ಥಕ್ಕೆ ಮಾತ್ರ ಇರಬೇಕು. ಅನುಮಾನ ಬರುವುದು ನೋಟ್‌ಬುಕ್ಕಿನಿಂದ.

ಐಜಿಜಿ (IgG) ಅನ್ನುವ ಇನ್ನೊಂದು ಪ್ರತಿಕಾಯದ ಪರೀಕ್ಷೆ ಬೇರೆ, ಐಜಿಇ ಬೇರೆ, ಒಂದಕ್ಷರ ನೋಡಿ. ಐಜಿಜಿ ಹೆಚ್ಚಿದೆ ಅಂದರೆ ನೀವು ಅದನ್ನು ತಿಂದಿದ್ದೀರಿ ಅಂತ ಅಷ್ಟೇ, ಅಲರ್ಜಿ ಅಂತಲ್ಲ. ಕೂದಲು ಕಳಿಸಿ ಮಾಡಿಸುವ ಪರೀಕ್ಷೆಗಳ ಬಗ್ಗೆ ಮಾತೇ ಬೇಡ. ಚರ್ಮದ ಪರೀಕ್ಷೆಗೆ ಹೋಗುವುದಾದರೆ ಸೆಟಿರಿಜಿನ್‌ನಂಥ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತೆ, ಯಾವತ್ತಿಂದ ಅಂತ ಫೋನ್ ಮಾಡಿ ಕೇಳಿ. ನಾವು ಕೇಳದೆ ಹೋಗಿ ಮೊದಲನೇ ದಿನ ವಾಪಸ್ ಬಂದಿದ್ದೆವು.

ಡಾಕ್ಟರ್ ಹತ್ತಿರ ಇಡೀ ನೋಟ್‌ಬುಕ್ ಬಿಚ್ಚಿ ಕೂರಬೇಡಿ, ಅವರಿಗೂ ಹೊರಗೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ಯಾವಾಗ ಯಾವಾಗ ಆಯಿತು, ಪ್ರತಿ ಸಲ ಎಷ್ಟು ನಿಮಿಷಕ್ಕೆ ಏನಾಯಿತು, ಯಾವ್ಯಾವ ಪದಾರ್ಥ ತಿಂದಾಗ ಏನೂ ಆಗಿಲ್ಲ. ಫೋಟೋಗಳನ್ನು ಮೊಬೈಲಿನಲ್ಲಿ ಒಂದೇ ಕಡೆ ಇಟ್ಟುಕೊಳ್ಳಿ. ಹೊರಡುವ ಮುಂಚೆ ಎರಡು ಪ್ರಶ್ನೆ ಕೇಳಿ: ಗೊತ್ತಿಲ್ಲದೆ ತಿಂದುಬಿಟ್ಟರೆ ಏನು ಮಾಡಬೇಕು, ಅಡ್ರಿನಲಿನ್ ಮನೆಯಲ್ಲಿ ಇಟ್ಟುಕೊಳ್ಳಬೇಕಾ? ಮಗುವಾದರೆ ಇನ್ನೊಂದು, ಮತ್ತೆ ಯಾವಾಗ ಪರೀಕ್ಷಿಸೋಣ? ಹಾಲು, ಮೊಟ್ಟೆಯ ಅಲರ್ಜಿಯನ್ನು ಎಷ್ಟೋ ಮಕ್ಕಳು ಬೆಳೆಯುತ್ತಾ ದಾಟುತ್ತಾರೆ. ಕಡಲೆಬೀಜ, ಗೋಡಂಬಿ, ಮೀನಿನದ್ದು ಸಾಮಾನ್ಯವಾಗಿ ಉಳಿದುಕೊಳ್ಳುತ್ತೆ.

ನಮ್ಮ ಮನೆಯಲ್ಲಿ ಈಗ ಎಣ್ಣೆಗಾಯಿ ಮಸಾಲೆಗೆ ಕಡಲೆಬೀಜ, ಕೊಬ್ಬರಿ ಅಷ್ಟೇ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರ ಪೊಟ್ಟಣವನ್ನು ಅಮ್ಮ ಬಾಗಿಲಲ್ಲೇ ಇಸಿದುಕೊಂಡು ಮೇಲಿನ ಶೆಲ್ಫಿಗೆ ಎತ್ತಿಡುತ್ತಾರೆ, ತಂಗಿ ಕೈಗೆ ಕಬ್ಬು ಸಕ್ಕರೆ ಅಚ್ಚು ಮಾತ್ರ. ಅಜ್ಜಿ ಇನ್ನೂ ಪೂರ್ತಿ ಒಪ್ಪಿಲ್ಲ. ಮೊನ್ನೆ ತಂಗಿ ಎರಡನೇ ಸಲ ಬದನೆಕಾಯಿ ಬಡಿಸಿಕೊಂಡಾಗ "ಏನಾದರೂ ಆಗಲಿ, ಆಮೇಲೆ ಕಂಬಳಿ ತಾ ಅನ್ನಬೇಡ" ಅಂದರು.